ಮನೆಯ ಕಂಪ್ಯೂಟರಿಗೆ ವೇಗ ಬರುವುದು ಎಲ್ಲಿಂದ?

ಮನೆಯ ಕಂಪ್ಯೂಟರು ನಿಧಾನವಾಯಿತೆಂದರೆ ಅದನ್ನು ಬದಿಗಿಟ್ಟು ಹೆಚ್ಚು ವೇಗದ ಹೊಸದೊಂದನ್ನು ಕೊಳ್ಳಬೇಕೆಂಬ ಯೋಚನೆ ನಮ್ಮೆಲ್ಲರಿಗೂ ಬರುವುದು ಸಹಜ. ಅಂಗಡಿಯವರು ಹೇಳುವ ಗಿಗಾಹರ್ಟ್ಸುಗಳ ಲೆಕ್ಕವು ಈ ಯೋಚನೆಗೆ ಮತ್ತಷ್ಟು ಬಲವನ್ನು ಕೊಡುತ್ತದೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕಂತಿನ ಮೇಲೆ ಯಂತ್ರವನ್ನು ಕೊಳ್ಳುವ ಸಂಸಾರಗಳಿಗೆ ಇದು ಸಣ್ಣ ಖರ್ಚೇನೂ ಅಲ್ಲ. ಆದುದರಿಂದ ಹಣ ಕೊಡುವ ಮೊದಲು, ಯಂತ್ರದೊಳಗೆ ಕಾಲವು ವ್ಯಯವಾಗುತ್ತಿರುವುದು ಎಲ್ಲಿ ಎಂಬುದನ್ನು ನಾವು ವಿಚಾರಿಸುವುದು ಯುಕ್ತವಾಗಿದೆ.

ಮದುವೆಯ ಮನೆಯ ಅಡುಗೆಯನ್ನು ನೆನೆದುಕೊಳ್ಳೋಣ. ಬಾಣಸಿಗನ ಕೈ ಎಷ್ಟೇ ಚುರುಕಾಗಿರಲಿ, ಬೇಳೆಯೂ ಬೆಲ್ಲವೂ ಉಗ್ರಾಣದಿಂದ ಬರುವುದು ತಡವಾದರೆ ಅವನು ಸೌಟು ಹಿಡಿದು ಸುಮ್ಮನೆ ನಿಲ್ಲಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಪ್ರೊಸೆಸರೇ ಬಾಣಸಿಗ. ಅವನ ಕೈಗೆಟಕುವ ಹಲಗೆಯೇ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿ. ದೂರದ ಉಗ್ರಾಣವೇ ಡಿಸ್ಕು.

ಉಗ್ರಾಣವು ಎಷ್ಟು ದೂರವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 3 ಗಿಗಾಹರ್ಟ್ಸಿನ ಪ್ರೊಸೆಸರು ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗಾದರೋ ತಟ್ಟೆಯೊಂದು ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ. ಬೇಕಾದ ಮಾಹಿತಿಯು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4.2 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಪ್ರೊಸೆಸರು ಒಂದೂಕಾಲು ಕೋಟಿ ಬಾರಿ ಮಿಡಿದಿರುತ್ತದೆ! ಮುಳ್ಳು ತನ್ನ ಜಾಡಿಗೆ ಸರಿದು ನಿಲ್ಲಲು ಹಿಡಿಯುವ ಕಾಲವು ಇದಕ್ಕಿಂತ ಬೇರೆ.

ಅಮೆರಿಕದ ಜೀನ್ ಆಮ್ಡಾಲ್ ಎಂಬ ಯಂತ್ರಶಿಲ್ಪಿ 1967ರಲ್ಲಿ ಮಂಡಿಸಿದ ವಾದವೊಂದು ಅವರ ಹೆಸರಿನ ನಿಯಮವಾಗಿ ಪ್ರಸಿದ್ಧವಾಗಿದೆ. ಅದರ ತಿರುಳನ್ನು ಇಲ್ಲಿಗೂ ಅನ್ವಯಿಸಬಹುದು. ಒಂದು ಕೆಲಸಕ್ಕೆ 100 ಸೆಕೆಂಡು ಹಿಡಿಯುತ್ತದೆಂದು ಭಾವಿಸೋಣ. ಅದರಲ್ಲಿ 40 ಸೆಕೆಂಡು ಪ್ರೊಸೆಸರಿನ ದುಡಿಮೆ, 60 ಸೆಕೆಂಡು ಡಿಸ್ಕಿಗಾಗಿ ಕಾಯುವಿಕೆ. ಪ್ರೊಸೆಸರಿನ ವೇಗವನ್ನು ಇಮ್ಮಡಿಗೊಳಿಸಿದರೆ 40 ಹೋಗಿ 20 ಆಗುತ್ತದೆ. ಆದರೆ ಒಟ್ಟು ಕಾಲವು 80ಕ್ಕೆ ಇಳಿಯುವುದಷ್ಟೆ. ಪ್ರೊಸೆಸರಿಗೆ ಅನಂತ ವೇಗವನ್ನೇ ಕೊಟ್ಟರೂ ಆ 60 ಸೆಕೆಂಡು ಕರಗಲಾರದು.

ಹಾಗಾದರೆ ಪರಿಹಾರವೇನು? ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ.ಯನ್ನು ಹಾಕಿಸಿದರೆ, ಕಾಯುವ ಕಾಲವು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ರ‍್ಯಾಮ್ ತುಂಬಿಹೋದಾಗ ಯಂತ್ರವು ಹಲಗೆಯ ಮೇಲಿನದನ್ನು ಉಗ್ರಾಣಕ್ಕೆ ಸಾಗಿಸಿ, ಮತ್ತೆ ತರಿಸಿಕೊಳ್ಳುತ್ತಿರುತ್ತದೆ; ಆಗ ರ‍್ಯಾಮನ್ನು ಹೆಚ್ಚಿಸುವುದೇ ಮದ್ದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೆಸುಗೆ ಹಾಕಿ ಕೂರಿಸಿರುವುದರಿಂದ ಮೊದಲೇ ವಿಚಾರಿಸಬೇಕು. ಅಂತರ್ಜಾಲದ ಸಂಪರ್ಕವೇ ಮಂದವಾಗಿದ್ದರೆ ಇವೆರಡೂ ನಿರುಪಯುಕ್ತ. ಚಲನಚಿತ್ರಗಳ ಸಂಕಲನ, ದೊಡ್ಡ ಗಣಿತಗಳು ಮುಂತಾದ ಕೆಲಸಗಳಲ್ಲಿ ಮಾತ್ರ ಪ್ರೊಸೆಸರು ಎಡೆಬಿಡದೆ ದುಡಿಯುತ್ತದೆ. ಅಂಥವರಿಗೆ ಹೊಸ ಪ್ರೊಸೆಸರು ನಿಜವಾದ ಲಾಭವನ್ನು ತಂದೀತು.

ಇದನ್ನು ಕಂಡುಕೊಳ್ಳಲು ಪಂಡಿತರೇ ಬೇಕೆಂದಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದರೆ ಪ್ರೊಸೆಸರು, ಮೆಮೊರಿ, ಡಿಸ್ಕು ಇವುಗಳಲ್ಲಿ ಯಾವುದು ಎಷ್ಟು ದುಡಿಯುತ್ತಿದೆಯೆಂಬುದು ನೂರಕ್ಕೆ ಇಷ್ಟೆಂದು ಕಾಣುತ್ತದೆ. ಯಂತ್ರವು ತಡವರಿಸುವಾಗಲೇ ಇದನ್ನು ನೋಡಬೇಕು. ಡಿಸ್ಕು ನೂರನ್ನು ಮುಟ್ಟಿ ಪ್ರೊಸೆಸರು ಹತ್ತರಲ್ಲೇ ನಿಂತಿದ್ದರೆ, ಬಾಣಸಿಗನು ಸುಮ್ಮನೆ ನಿಂತಿದ್ದಾನೆಂದೇ ಅರ್ಥ.

ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು 1995ರಲ್ಲಿಯೇ ಇನ್ನೊಂದು ಮಾತನ್ನು ಎಚ್ಚರಿಸಿದ್ದರು: ಯಂತ್ರಗಳು ವೇಗಗೊಳ್ಳುವುದಕ್ಕಿಂತ ಹೆಚ್ಚು ತ್ವರೆಯಿಂದ ತಂತ್ರಾಂಶಗಳು ನಿಧಾನಗೊಳ್ಳುತ್ತಿವೆ ಎಂದು. ಬೇಡದ ತಂತ್ರಾಂಶಗಳನ್ನು ತೆಗೆದುಹಾಕುವುದಕ್ಕೆ ಖರ್ಚೇನೂ ಇಲ್ಲ. ಅದರಿಂದಲೇ ನಾವು ಆರಂಭಿಸೋಣ. ಹೊಸ ಯಂತ್ರದ ಮಾತು ಅನಂತರ.