ಹಳೆ ಕಂಪ್ರೆಸರ್‌ಗೆ ಯಾವ ಮೋಟಾರು?

ಪಂಕ್ಚರ್ ಅಂಗಡಿಯ ಹಳೆ ಕಂಪ್ರೆಸರ್‌ನ ಮೋಟಾರು ಸುಟ್ಟಿದೆ ಅನ್ನಿ. ಹೊಸದು ತರುವಾಗ ಎಲ್ಲರೂ ಕೇಳೋದು ಎಷ್ಟು ಎಚ್‌ಪಿ ಅಂತ. ಅದಷ್ಟೇ ಸಾಲದು, ನೇಮ್‌ಪ್ಲೇಟಿನಲ್ಲಿ ಆರ್‌ಪಿಎಂ ಕೂಡ ನೋಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವದ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಎರಡು ಧ್ರುವದ್ದು ಸುಮಾರು 2880. ಮೊದಲಿದ್ದದ್ದು 1440ರದ್ದಾಗಿದ್ದು, ಹಳೆ ಪುಲ್ಲಿಯನ್ನೇ 2880ರದ್ದಕ್ಕೆ ಹಾಕಿದರೆ ಪಿಸ್ಟನ್ ಇಮ್ಮಡಿ ವೇಗದಲ್ಲಿ ಓಡಿ ಕಾಯುತ್ತದೆ, ಮೋಟಾರೂ ಮತ್ತೆ ಸುಟ್ಟೀತು. ಮೋಟಾರಿನ ಪುಲ್ಲಿಯ ವ್ಯಾಸ ಅರ್ಧವಾಗಬೇಕು.

ನನಗೆ ಹೆಚ್ಚು ಭಯ ಟ್ಯಾಂಕಿನದು. ಒತ್ತಿದ ಗಾಳಿ ತಣಿದಾಗ ಅದರ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ, ತುಕ್ಕು ಒಳಗಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಬಳಿದರೆ ಗೊತ್ತೇ ಆಗೋದಿಲ್ಲ. ಅದಕ್ಕೇ ಬಲ್ಲವರು ಟ್ಯಾಂಕಿಗೆ ನೀರು ತುಂಬಿ, ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರು ಕುಗ್ಗುವುದು ತೀರಾ ಕಡಿಮೆ. ಟ್ಯಾಂಕು ಬಿರಿದರೂ ನೀರು ಸೋರುತ್ತದೆ, ಗಾಳಿಯಂತೆ ಸಿಡಿಯದು.