ಗುಮಾಸ್ತರು ಊರಲ್ಲಿ, ಕಚೇರಿ ಗಾಂಧಿ ಬಜಾರಿನಲ್ಲಿ

ಬಸವನಗುಡಿಯ ಹಳೆಯ ಮನೆಗಳ ಮುಂದೆ ಹಾದುಹೋಗುವಾಗ ಕಾಂಪೌಂಡ್ ಗೋಡೆಯ ಮೇಲೆ, ಮನೆಯ ಹೆಸರಿನ ಪಕ್ಕದಲ್ಲಿ, ಒಂದು ಸಣ್ಣ ಫಲಕ ಕಣ್ಣಿಗೆ ಬೀಳುವುದುಂಟು: ಯಜಮಾನರ ಹೆಸರು, ಕೆಳಗೆ ‘ವಕೀಲರು’ ಎಂದು. ಗೇಟು ದಾಟಿದರೆ ಜಗಲಿಗೆ ಅಂಟಿಕೊಂಡ ಕೋಣೆಯೇ ಕಚೇರಿ. ಗೋಡೆಗೆ ಎ.ಐ.ಆರ್. ಸಂಪುಟಗಳು, ಬೀರುವಿನ ಮೇಲೆ ದಾರ ಕಟ್ಟಿದ ಕಡತಗಳ ರಾಶಿ, ಕಕ್ಷಿದಾರರಿಗೆ ಎರಡು ಬೆತ್ತದ ಕುರ್ಚಿ, ಮೂಲೆಯಲ್ಲಿ ಒಂದು ಪುಟ್ಟ ಮೇಜು. ಆ ಮೇಜು ಗುಮಾಸ್ತರದು. ಈಗ ಎಷ್ಟೋ ಕಚೇರಿಗಳಲ್ಲಿ ಅದರ ಮೇಲೆ ಪ್ರಿಂಟರ್ ಕುಳಿತಿದೆ; ಗುಮಾಸ್ತರ ಕುರ್ಚಿ ಖಾಲಿ.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಹಾವಳಿಯ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ, ಈ ಮೂರು ಬಡಾವಣೆಗಳಲ್ಲಿ ವಕೀಲಿ ವೃತ್ತಿ ಹೀಗೆ ಮನೆಯ ಮುಂಗೋಣೆಯಲ್ಲೇ ಬೇರೂರಿತು. ಅದನ್ನು ನಡೆಸಿಕೊಂಡು ಬಂದವರಲ್ಲಿ ಅರ್ಧ ಪಾಲು ಗುಮಾಸ್ತರದು ಎಂದರೆ ಉತ್ಪ್ರೇಕ್ಷೆಯಲ್ಲ. ಬೆಳಿಗ್ಗೆ ಕಡತ ಜೋಡಿಸುವುದು, ನ್ಯಾಯಾಲಯಕ್ಕೆ ಹೊರುವುದು, ವಕಾಲತ್ತಿಗೆ ಸಹಿ ಹಾಕಿಸುವುದು, ಕೋರ್ಟ್ ಶುಲ್ಕ ಕಟ್ಟುವುದು, ನಕಲು ಅರ್ಜಿ ಹಾಕಿ ಅದರ ಬೆನ್ನು ಹತ್ತುವುದು, ಕಚೇರಿ ತೆಗೆದ ಆಕ್ಷೇಪಣೆ ಸರಿಪಡಿಸುವುದು, ಸಂಜೆ ಮುಂದಿನ ದಿನಾಂಕಗಳನ್ನು ಡೈರಿಗೆ ಬರೆಯುವುದು, ಎಲ್ಲ ಅವರದೇ. ನಡುವೆ ಕಕ್ಷಿದಾರರ ಫೋನು: ‘ಸಾರ್, ನಮ್ಮ ಕೇಸು ಯಾವತ್ತಿದೆ?’

ಅಂಥವರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಇನ್ನೊಬ್ಬರು ಸಿಗುವುದು ಸುಲಭವಲ್ಲ. ಒಂಟಿ ವಕೀಲರ ಕಚೇರಿ ಕೊಡಬಲ್ಲ ಸಂಬಳದಲ್ಲಿ ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟಿ ಸಂಸಾರ ತೂಗಿಸುವುದು ಯಾರಿಗೆ ಸಾಧ್ಯ? ಕಾನೂನು ಓದಿದವರಿಗೆ ವಕೀಲರೇ ಆಗುವ ಆಸೆ. ಕಂಪ್ಯೂಟರ್ ಬಲ್ಲವರಿಗೆ ಕಂಪನಿಗಳ ಬಾಗಿಲು ತೆರೆದಿದೆ. ಇಲ್ಲಿಂದಲೇ ಹೊಸ ಯೋಚನೆ ಹುಟ್ಟುತ್ತದೆ. ಗುಮಾಸ್ತರು ಗಾಂಧಿ ಬಜಾರಿಗೇ ಬರಬೇಕೆಂದೇನಿದೆ? ಶಿರಸಿಯಲ್ಲೋ ಹಾಸನದಲ್ಲೋ ತಮ್ಮ ಮನೆಯಲ್ಲೇ ಕುಳಿತು ಕೆಲಸ ಮಾಡಬಾರದೇಕೆ?

ಈ ಊರಿಗೆ ಇದು ಹೊಸ ಸಂಗತಿಯೇನಲ್ಲ, ದಿಕ್ಕು ಮಾತ್ರ ಹೊಸದು. ಪರದೇಶದ ಕಚೇರಿಗಳ ಹಿಂಬದಿಯ ಕೆಲಸವನ್ನು ಬೆಂಗಳೂರು ವರ್ಷಗಟ್ಟಲೆ ಮಾಡಿಕೊಟ್ಟಿದೆ. ವಕೀಲರ ಕಚೇರಿಗಳೂ ಅದಕ್ಕೆ ಹೊರತಲ್ಲ. ಹೀಗೆ ಹೊರಗೆ ಕೆಲಸ ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ಅಮೆರಿಕನ್ ಬಾರ್ ಅಸೋಸಿಯೇಷನ್ 2008ರ ಆಗಸ್ಟಿನಲ್ಲಿ ಅಭಿಪ್ರಾಯ ನೀಡಿತು: ಕೊಡಬಹುದು, ಆದರೆ ಮೇಲ್ವಿಚಾರಣೆ ವಕೀಲರದೇ, ಗುಟ್ಟು ಕಾಯುವ ಹೊಣೆಯೂ ಅವರದೇ. ನಮ್ಮಲ್ಲಿ ಸುಪ್ರೀಂ ಕೋರ್ಟಿನ ಮಾತು ಬಂದದ್ದು 2018ರ ಮಾರ್ಚ್ 13ರಂದು, ಎ.ಕೆ. ಬಾಲಾಜಿ ಪ್ರಕರಣದಲ್ಲಿ. ವಿದೇಶಿ ವಕೀಲರ ಪ್ರವೇಶವೇ ಅಲ್ಲಿನ ಮುಖ್ಯ ವಿವಾದವಾದರೂ ಬೆರಳಚ್ಚು, ಕಾರ್ಯದರ್ಶಿ ಕೆಲಸ, ಧ್ವನಿಯಿಂದ ಬರಹಕ್ಕಿಳಿಸುವುದು, ಕರಡು ತಿದ್ದುವುದು ಮುಂತಾದ ಸೇವೆ ನೀಡುವ ಕಂಪನಿಗಳ ಪ್ರಶ್ನೆಯೂ ಎದ್ದಿತ್ತು. ಆ ಕೆಲಸ ಸಾರಾಂಶದಲ್ಲಿ ವಕೀಲಿಕೆ ಆಗದಿದ್ದರೆ 1961ರ ವಕೀಲರ ಕಾಯಿದೆಗೆ ಅಡ್ಡಿಯಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾಸನದಲ್ಲಿ ಕುಳಿತವರು ನೋಟಿಸಿನ ಕರಡು ಟೈಪ್ ಮಾಡಬಹುದು. ‘ನಿಮ್ಮ ಕೇಸು ಗೆಲ್ಲುತ್ತದೆ, ದಾವೆ ಹಾಕಿ’ ಎಂದು ಕಕ್ಷಿದಾರರಿಗೆ ಸಲಹೆ ಕೊಡಬಾರದು. ಗೆರೆ ಇರುವುದು ಅಲ್ಲಿ.

ಯಾವ ಕೆಲಸ ದೂರ ಹೋಗಬಲ್ಲದು? 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆ ಇಲ್ಲದಿದ್ದರೆ ಈ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಅದರ ಮೂರನೆಯ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಪ್ರತಿ ಮೊಕದ್ದಮೆಗೂ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿದೆ; ಅದನ್ನು ಒತ್ತಿದರೆ ಮುಂದಿನ ದಿನಾಂಕ, ಯಾವ ಹಂತ, ಏನು ಆದೇಶ ಎಂಬುದು ಮೊಬೈಲಿನಲ್ಲೇ ಮೂಡುತ್ತದೆ. ಪಹಣಿಗೆ ‘ಭೂಮಿ’ ಇದೆ, ಋಣಭಾರ ಪತ್ರಕ್ಕೆ ‘ಕಾವೇರಿ’ ಇದೆ. ಹಳೆ ಬೆಂಗಳೂರಿನ ವಕೀಲರಿಗೆ ಅನ್ನ ಹಾಕುವ ಪಾಲಿನ ದಾವೆಗಳಲ್ಲಿ ಈ ಎರಡು ಕಾಗದ ಬೇಡದ ಕಡತವೇ ಅಪರೂಪ. ಸಂಜೆ ವಕೀಲರು ಫೋನಿಗೆ ಹೇಳಿದ ಡಿಕ್ಟೇಷನ್ ವಾಯ್ಸ್ ಮೆಸೇಜ್ ಆಗಿ ಹೋಗಿ, ಬೆಳಿಗ್ಗೆ ಕರಡಾಗಿ ಬರುತ್ತದೆ. ಶೀಘ್ರಲಿಪಿ ಕಲಿಸುತ್ತಿದ್ದ ಸಂಸ್ಥೆಗಳ ಬೋರ್ಡು ಇಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲೊಂದು ಸಣ್ಣ ತಮಾಷೆಯೂ ಇದೆ, ಅನುಭವಿಸಿದವರಿಗೆ ತಮಾಷೆಯಲ್ಲ. ವಕೀಲರ ಯಂತ್ರದಲ್ಲಿ ಹಳೆಯ ನುಡಿ ಅಕ್ಷರ, ಅತ್ತ ಗುಮಾಸ್ತೆಯ ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್. ಕಳಿಸಿದ ಕನ್ನಡ ವಾದಪತ್ರ ಅಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಾವ ಅಕ್ಷರದಲ್ಲಿ ಬರೆಯಬೇಕೆಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳದ ಕಚೇರಿ ಒಂದು ವಾರ ಕಳೆದುಕೊಳ್ಳುತ್ತದೆ.

ದೂರ ಹೋಗಲಾರದ ಕೆಲಸವೂ ಇದೆ, ಅದು ಸಣ್ಣದಲ್ಲ. ಬೆಂಗಳೂರಿನ ನ್ಯಾಯಾಲಯಗಳು ಒಂದೇ ಕಡೆ ಇಲ್ಲ. ಸಿಟಿ ಸಿವಿಲ್ ನ್ಯಾಯಾಲಯ ಕೆಂಪೇಗೌಡ ರಸ್ತೆಯ ಕಡೆ, ಮ್ಯಾಜಿಸ್ಟ್ರೇಟರು ನೃಪತುಂಗ ರಸ್ತೆಯಲ್ಲಿ, ಕೌಟುಂಬಿಕ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಮತ್ತೊಂದಿಷ್ಟು ಮೇಯೊ ಹಾಲಿನಲ್ಲಿ. ಒಂದೇ ಬೆಳಗ್ಗೆ ಎರಡು ಕಡೆ ಕೇಸಿದ್ದರೆ ಒಂದು ಕಡೆ ಕಾಯಲು, ಬೆಂಚ್ ಕ್ಲರ್ಕಿಗೆ ‘ನಮ್ಮ ಸಾಹೇಬರು ಬರ್ತಿದ್ದಾರೆ’ ಎನ್ನಲು ಕಾಲಿರುವ ಮನುಷ್ಯನೇ ಬೇಕು. ಆದ್ದರಿಂದ ಬುದ್ಧಿವಂತ ಕಚೇರಿ ಗುಮಾಸ್ತರ ಕೆಲಸವನ್ನು ಎರಡಾಗಿ ಸೀಳುತ್ತದೆ. ಓಡಾಟದ ಕೆಲಸಕ್ಕೆ ನ್ಯಾಯಾಲಯದ ಆವರಣದಲ್ಲೇ ಇರುವ ಒಬ್ಬ ಗುಮಾಸ್ತರನ್ನು ನಾಲ್ಕಾರು ವಕೀಲರು ಹಂಚಿಕೊಳ್ಳುವುದು. ಲೆಕ್ಕ, ಬರಹ, ಫೋನು, ಡೈರಿಯ ಕೆಲಸವನ್ನು ದೂರದವರಿಗೆ ಒಪ್ಪಿಸುವುದು.

ಡೈರಿ ಎಂದಕೂಡಲೇ ವಕೀಲರ ಎದೆ ಹೊಡೆದುಕೊಳ್ಳಬೇಕು. ಹೊಡೆದುಕೊಳ್ಳದಿದ್ದರೆ ಅವರಿಗೆ ವಯಸ್ಸು ಸಾಲದು. ಸಣ್ಣ ಕಚೇರಿಗೆ ದಿನವೂ ಬರುವ ಚೆಕ್ ಬೌನ್ಸ್ ಪ್ರಕರಣವನ್ನೇ ನೋಡಿ. ಬ್ಯಾಂಕಿನ ಮೆಮೊ ಮಾರ್ಚ್ 3ರಂದು ಕೈಸೇರಿತು ಎನ್ನೋಣ. 30 ದಿನದೊಳಗೆ, ಅಂದರೆ ಏಪ್ರಿಲ್ 2ರೊಳಗೆ ಚೆಕ್ ಕೊಟ್ಟವರಿಗೆ ನೋಟಿಸು ಹೋಗಲೇಬೇಕು. ನೋಟಿಸು ಏಪ್ರಿಲ್ 7ಕ್ಕೆ ಅವರಿಗೆ ತಲುಪಿದರೆ ಹಣ ಕೊಡಲು 15 ದಿನ, ಏಪ್ರಿಲ್ 22ರವರೆಗೆ. ಅಲ್ಲಿಗೂ ಕೊಡದಿದ್ದರೆ 23ಕ್ಕೆ ದೂರಿಗೆ ಕಾರಣ ಹುಟ್ಟಿತು. ಅಲ್ಲಿಂದ ಒಂದು ತಿಂಗಳು. ಈ ತಿಂಗಳೆಂದರೆ 30 ದಿನವೆಂದಲ್ಲ, ಕ್ಯಾಲೆಂಡರಿನ ತಿಂಗಳು. ದೂರು ತಡವಾದರೆ ಕಾರಣ ಹೇಳಿ ನ್ಯಾಯಾಲಯದ ಕ್ಷಮೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ನೋಟಿಸಿನ ಆ 30 ದಿನ ತಪ್ಪಿದರೆ ಇಲ್ಲ. ಐದು ಲಕ್ಷದ ಚೆಕ್ಕೇ ಇರಲಿ, ಆ ಕ್ರಿಮಿನಲ್ ಪ್ರಕರಣ ಹುಟ್ಟುವ ಮೊದಲೇ ಸತ್ತಂತೆ. ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕು. ಸಿವಿಲ್ ಕಡೆಯಲ್ಲೂ ಗಡುವುಗಳ ಸಾಲೇ ಇದೆ. ಸಮನ್ಸ್ ಬಂದ 30 ದಿನದಲ್ಲಿ ಪ್ರತಿವಾದಪತ್ರ ಸಲ್ಲಿಸಬೇಕು, ಹೆಚ್ಚೆಂದರೆ 90. ವಾಣಿಜ್ಯ ದಾವೆಯಾದರೆ 120 ದಿನ ಕಳೆದ ಮೇಲೆ ಬಾಗಿಲು ಮುಚ್ಚಿತು. ವಕೀಲರ ತಪ್ಪಿಗೆ ಕಕ್ಷಿದಾರ ನರಳಬಾರದು ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ಪ್ರಕರಣದಲ್ಲಿ ಹೇಳಿದ್ದು ನಿಜ. ಆ ಮಾತನ್ನು ನೆಚ್ಚಿಕೊಂಡು ಡೈರಿ ಬರೆಯಲಾಗದು.

ಹಳೆಯ ಗುಮಾಸ್ತರು ಈ ಲೆಕ್ಕವನ್ನು ಬೆರಳಲ್ಲೇ ಹಾಕುತ್ತಿದ್ದರು. ಶಿರಸಿಯ ಹೊಸಬರಿಗೆ ಹಾಗೆ ಬರುವುದಿಲ್ಲ. ಬಂದರೂ ಮಳೆಗಾಲದಲ್ಲಿ ಮಲೆನಾಡಿನ ಕರೆಂಟು, ನೆಟ್‌ವರ್ಕು ಕೈಕೊಟ್ಟರೆ ಮೂರು ದಿನ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ಡೈರಿ ಎರಡಿರಬೇಕು: ಅಲ್ಲೊಂದು, ಇಲ್ಲೊಂದು. ಗಡುವನ್ನು ಎಣಿಸುವವರು ಅವರಾದರೆ ಸಹಿ ಹಾಕುವವರು ವಕೀಲರು. ಇದು ಅಪನಂಬಿಕೆಯಲ್ಲ, ಬ್ಯಾಂಕಿನಲ್ಲಿ ಎರಡು ಕೀಲಿ ಇಡುವ ಹಾಗೆ.

ಇನ್ನು ಗುಟ್ಟಿನ ಮಾತು. ವಿಚ್ಛೇದನಕ್ಕೆ ಬಂದ ಹೆಣ್ಣುಮಗಳು ತಾಯಿಗೂ ಹೇಳದ್ದನ್ನು ವಕೀಲರ ಮುಂದೆ ಹೇಳುತ್ತಾಳೆ. ಮೂಲೆಯ ಮೇಜಿನ ಗುಮಾಸ್ತರ ಕಿವಿಗೂ ಅದು ಬೀಳುತ್ತದೆ. ಬಿದ್ದದ್ದು ಅಲ್ಲೇ ಉಳಿಯುತ್ತದೆ. ಹಾಗೆ ಉಳಿಯಬೇಕೆಂದು 1872ರ ಸಾಕ್ಷ್ಯ ಕಾಯಿದೆಯೇ ಕಟ್ಟುಮಾಡಿತ್ತು. ಅದರ 126ನೆಯ ಕಲಮು ವಕೀಲರ ಬಾಯಿಗೆ ಬೀಗ ಹಾಕಿದರೆ 127ನೆಯದು ಆ ಬೀಗವನ್ನು ದುಭಾಷಿಗೂ, ವಕೀಲರ ಗುಮಾಸ್ತರಿಗೂ, ಸೇವಕರಿಗೂ ವಿಸ್ತರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎರಡೂ 132ನೆಯ ಕಲಮಿನಲ್ಲಿ ಸೇರಿವೆ; ‘ಸೇವಕರು’ ಹೋಗಿ ‘ಉದ್ಯೋಗಿಗಳು’ ಬಂದಿದ್ದಾರೆ. ಹಾಗಾದರೆ ಗಂಟೆ ಲೆಕ್ಕದಲ್ಲಿ ನಾಲ್ಕು ಕಚೇರಿಗೆ ದುಡಿಯುವ, ಯಾರ ಹಾಜರಿ ಪುಸ್ತಕದಲ್ಲೂ ಇಲ್ಲದ ದೂರದ ಸಹಾಯಕಿ ಈ ‘ಗುಮಾಸ್ತರು ಅಥವಾ ಉದ್ಯೋಗಿಗಳು’ ಎಂಬ ಮಾತಿನೊಳಗೆ ಬರುತ್ತಾಳೆಯೇ? ವಾದಕ್ಕೆ ಒಳ್ಳೆಯ ವಿಷಯ. ತನ್ನ ಕಕ್ಷಿದಾರಳ ಕಡತವನ್ನೇ ಒಡ್ಡಿ ಈ ವಾದ ಪರೀಕ್ಷಿಸಲು ಯಾವ ವಕೀಲರೂ ಬಯಸಲಾರರು. ಬರಹದಲ್ಲಿ ನೇಮಕದ ಕರಾರು ಇರಬೇಕು, ಅದರಲ್ಲಿ ಗುಮಾಸ್ತರೆಂದೇ ಹುದ್ದೆಯನ್ನು ಹೇಳಬೇಕು. ಕೌಟುಂಬಿಕ ಕಡತಗಳನ್ನು ಕಳಿಸದೆಯೇ ಇರುವುದು ಇನ್ನೂ ಒಳ್ಳೆಯದು.

ಬಾಕಿ ಎಚ್ಚರಿಕೆಗಳು ಮನೆಮಾತಿನವು. ಕಕ್ಷಿದಾರರ ಆಧಾರ್ ನಕಲು, ಕ್ರಯಪತ್ರಗಳನ್ನು ವಾಟ್ಸ್‌ಆಪಿನಲ್ಲಿ ಎಸೆದಾಡಬಾರದು. 2023ರ ವೈಯಕ್ತಿಕ ದತ್ತಾಂಶ ಕಾಯಿದೆಗೆ 2025ರಲ್ಲಿ ನಿಯಮಗಳೂ ಬಂದಿವೆ, ಸೋರಿಕೆಯಾದರೆ ಉತ್ತರ ಹೇಳಬೇಕಾದವರು ಕಳಿಸಿದವರು. ಒಮ್ಮೆಲೇ ಇಡೀ ಬೀರುವಿನ ಕೀಲಿ ಕೊಡುವುದು ಬೇಡ, ಮೊದಲ ತಿಂಗಳು ಮುಗಿದುಹೋದ ನಾಲ್ಕು ಕಡತ ಕೊಟ್ಟು ನೋಡಿದರೆ ಸಾಕು. ಸಂಬಳ ಸಂಬಳವಾಗಿಯೇ ಇರಲಿ. ‘ಬಂದ ಫೀಸಿನಲ್ಲಿ ಇಷ್ಟು ಪಾಲು’ ಎಂಬ ಒಪ್ಪಂದವನ್ನು ವಕೀಲರಲ್ಲದವರೊಡನೆ ಮಾಡಿಕೊಳ್ಳಲು ವಕೀಲರ ಪರಿಷತ್ತಿನ ನಿಯಮವೇ ಬಿಡುವುದಿಲ್ಲ.

ಅತ್ತ ಕಡೆ ಕುಳಿತವರ ಮಾತೂ ಇದೆ, ಇಂಥ ಚರ್ಚೆಯಲ್ಲಿ ಅದು ಕೊನೆಗೆ ಬರುವುದು ನ್ಯಾಯವಲ್ಲ. ಮದುವೆಯಾಗಿ ಊರು ಸೇರಿದ ಕಾನೂನು ಪದವೀಧರೆಗೆ, ಕಾಲು ನೋವಿನಿಂದ ಕೋರ್ಟಿನ ಮೆಟ್ಟಿಲು ಹತ್ತಲಾರದ ಹಳೆಯ ಗುಮಾಸ್ತರಿಗೆ ಇದು ಮನೆಬಾಗಿಲಿಗೆ ಬಂದ ಅನ್ನ. ಆದರೆ ರಕ್ಷಣೆ? ವಕೀಲರ ಕಚೇರಿ ‘ವಾಣಿಜ್ಯ ಸಂಸ್ಥೆ’ ಅಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಅಂಗಡಿ ಕಾಯಿದೆಯಡಿ ಬಂದ ಪ್ರಕರಣದಲ್ಲಿ ತೀರ್ಪಿತ್ತಿತು. ನ್ಯಾಯ ಕೊಡಿಸುವ ಕಚೇರಿಯ ಗುಮಾಸ್ತರಿಗೇ ಆ ಕಾಯಿದೆಯ ನೆರಳು ಸಿಗಲಿಲ್ಲ. ಕಚೇರಿಯಲ್ಲಿ ಎದುರು ಕುಳಿತವರಿಗೆ ಹಬ್ಬಕ್ಕೆ ಬಟ್ಟೆ, ಮಗಳ ಮದುವೆಗೆ ಮುಂಗಡ, ಮಧ್ಯಾಹ್ನ ಕಾಫಿ ಎಂಬ ಲೆಕ್ಕವಿಲ್ಲದ ಋಣಾನುಬಂಧ ಇರುತ್ತಿತ್ತು. ಪರದೆಯ ಆಚೆ ಇರುವವರಿಗೆ ಅದು ತಾನಾಗಿ ಹರಿಯುವುದಿಲ್ಲ. ಕರಾರಿನಲ್ಲಿ ಗುಟ್ಟು ಕಾಯುವ ಷರತ್ತಿನ ಜೊತೆಗೆ ರಜೆ, ಕೆಲಸದ ಹೊತ್ತು, ಸಂಬಳದ ತಾರೀಖು ಕೂಡ ಬರೆದಿರಬೇಕಾದುದು ಅದಕ್ಕೇ. ರಾತ್ರಿ 11ಕ್ಕೆ ವಾಯ್ಸ್ ಮೆಸೇಜ್ ಕಳಿಸಿ ಬೆಳಿಗ್ಗೆ 7ಕ್ಕೆ ಕರಡು ಕೇಳುವ ಸಾಹೇಬರಿಗೆ ಎರಡನೆಯ ಗುಮಾಸ್ತರನ್ನು ಹುಡುಕುವ ಕೆಲಸ ಬೇಗನೆ ಬರುತ್ತದೆ.

ಈ ಏರ್ಪಾಡು ನಡೆಯುವ ಕಚೇರಿಯಲ್ಲಿ ಸಂಜೆ 6ಕ್ಕೆ ಫೋನು ಬಡಿಯಬೇಕು. ಅತ್ತಲಿಂದ ಮರುದಿನದ ಪಟ್ಟಿ ಓದುವ ದನಿ: ಯಾವ ಹಾಲು, ಎಷ್ಟನೆಯ ಕೇಸು, ಸಾಕ್ಷಿಯೋ ವಾದವೋ. ಇತ್ತ ವಕೀಲರು ತಮ್ಮ ಡೈರಿಯಲ್ಲಿ ಒಂದೊಂದಕ್ಕೂ ಟಿಕ್ ಹಾಕುತ್ತಾರೆ. ಎಲ್ಲಾದರೂ ದಿನಾಂಕ ತಾಳೆಯಾಗದಿದ್ದರೆ ಇಬ್ಬರೂ ಆ 16 ಅಕ್ಷರಾಂಕಗಳನ್ನು ಒತ್ತುತ್ತಾರೆ. ಅದೂ ಸಂಶಯವೆನಿಸಿದರೆ ಬೆಳಿಗ್ಗೆ 11ಕ್ಕೆ ಮುಂಚೆ ಯಾರಾದರೊಬ್ಬರು ಕೋರ್ಟ್ ಹಾಲಿಗೇ ಹೋಗಿ ಬಾಗಿಲಲ್ಲಿ ಅಂಟಿಸಿದ ಪಟ್ಟಿ ನೋಡಿಬರಬೇಕು.