ಬಟ್ಟಲನ್ನು ಬೋರಲು ಹಿಡಿದು ನೋಡುವವರು

ಲೇತ್‌ನಲ್ಲಿ ಕಡೆದ ಮರದ ಬಟ್ಟಲು ಕೈಗೆ ಬಂದಾಗ ಪಳಗಿದ ತೀರ್ಪುಗಾರರು ಮೊದಲು ಅದನ್ನು ಬೋರಲು ಹಿಡಿದು ತಳ ನೋಡುತ್ತಾರೆ. ಬಟ್ಟಲು ತಿರುಗುವಾಗ ಲೇತ್ ಅದನ್ನು ಹಿಡಿದುಕೊಂಡಿರುವುದು ಸಾಮಾನ್ಯವಾಗಿ ತಳದಲ್ಲಿ. ಹೊರಮೈ, ಒಳಮೈ ಎರಡನ್ನೂ ಕಡೆದು ಮುಗಿಸಿದ ಮೇಲೂ ಆ ಹಿಡಿತದ ಗುರುತು ಉಳಿದಿರುತ್ತದೆ. ಅದನ್ನು ಅಳಿಸಬೇಕಾದರೆ ಹೆಚ್ಚುಕಡಿಮೆ ಸಿದ್ಧವಾದ ಬಟ್ಟಲನ್ನು ತಲೆಕೆಳಗಾಗಿ ಮತ್ತೆ ಲೇತ್‌ಗೆ ಏರಿಸಿ, ನಡುಬಿಂದು ತಪ್ಪದಂತೆ ಕೂರಿಸಿ, ತಳವನ್ನು ಬೇರೆಯಾಗಿ ಕಡೆಯಬೇಕು. ಅಷ್ಟು ಹೊತ್ತಿಗೆ ಮಾಡಿದವರಿಗೆ ಸುಸ್ತಾಗಿರುತ್ತದೆ. ಇದು ಯಾರ ಕಣ್ಣಿಗೂ ಬೀಳದ ಜಾಗ ಎಂಬ ನೆವವೂ ಇರುತ್ತದೆ. ಆದ್ದರಿಂದಲೇ ತಳ ಸುಳ್ಳು ಹೇಳುವುದಿಲ್ಲ. ಅಲ್ಲಿ ಉಜ್ಜುಕಾಗದದ ಗೀರು ಉಳಿದಿದ್ದರೆ ಮೇಲಿನ ಹೊಳಪು ಎಷ್ಟಿದ್ದರೂ ಅಂಕ ಇಳಿಯುತ್ತದೆ.

ಹೊಟ್ಟೆಪಾಡಿಗಲ್ಲದೆ ಹವ್ಯಾಸಕ್ಕಾಗಿ ಮರಗೆಲಸ ಮಾಡುವವರು ತಮ್ಮದೇ ಸಂಘ ಕಟ್ಟಿಕೊಂಡು, ಒಬ್ಬರ ಕೆಲಸವನ್ನು ಇನ್ನೊಬ್ಬರು ತೂಗಿ ನೋಡುವ ಪದ್ಧತಿ ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಹಳವಾಗಿ ಬೆಳೆಯಿತು. ಅಮೆರಿಕದಲ್ಲಿ ‘ಫೈನ್ ವುಡ್‌ವರ್ಕಿಂಗ್’ ಪತ್ರಿಕೆ ಹುಟ್ಟಿದ್ದು 1975ರಲ್ಲಿ. ಮರ ಕಡೆಯುವವರ ರಾಷ್ಟ್ರೀಯ ಸಂಘ ‘ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್’ ಆರಂಭವಾದದ್ದು 1986ರಲ್ಲಿ. ಹಿಂದಿನ ಕಾಲದಲ್ಲಿ ಗುಣಮಟ್ಟ ಕಾಯುವ ಕೆಲಸ ಇದ್ದದ್ದು ಕಸುಬುದಾರರ ಶ್ರೇಣಿಗಳ ಕೈಯಲ್ಲಿ; ಲಂಡನ್ನಿನ ಟರ್ನರ್‌ಗಳ ಶ್ರೇಣಿಗೆ ರಾಜಸನ್ನದು ಸಿಕ್ಕಿದ್ದು 1604ರಲ್ಲಿ. ಶ್ರೇಣಿಗೆ ಗ್ರಾಹಕನಿದ್ದ, ಬೆಲೆಯಿತ್ತು, ಕಳಪೆ ಮಾಲಿಗೆ ದಂಡವಿತ್ತು. ಹವ್ಯಾಸಿಗೆ ಇವು ಯಾವುವೂ ಇಲ್ಲ. ಒಂದು ಪೆಟ್ಟಿಗೆಗೆ ಆರು ತಿಂಗಳು ಹಿಡಿದರೂ ಕೇಳುವವರಿಲ್ಲ. ಹೀಗಾಗಿ ಒಳ್ಳೆಯ ಕೆಲಸ ಯಾವುದೆಂಬುದನ್ನು ಈ ಸಂಘಗಳು ಮಾತುಕತೆಯಲ್ಲಿ, ಕೈಯಿಂದ ಕೈಗೆ ದಾಟಿಸಿ ನೋಡುವುದರಲ್ಲಿ ತಾವೇ ಗೊತ್ತುಮಾಡಿಕೊಳ್ಳಬೇಕಾಯಿತು.

ಆ ಮಾತುಕತೆಗೆ ಗಟ್ಟಿಯಾದ ಪರಿಭಾಷೆ ಒದಗಿಸಿದವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಪೈ (1914–1993). ‘ದ ನೇಚರ್ ಅಂಡ್ ಆರ್ಟ್ ಆಫ್ ವರ್ಕ್‌ಮನ್‌ಶಿಪ್’ ಎಂಬ ಅವರ ಪುಸ್ತಕ 1968ರಲ್ಲಿ ಬಂತು. ‘ಕೈಯಲ್ಲಿ ಮಾಡಿದ್ದು’, ‘ಯಂತ್ರದಲ್ಲಿ ಮಾಡಿದ್ದು’ ಎಂಬ ವಿಂಗಡಣೆಯಿಂದ ಏನೂ ತಿಳಿಯುವುದಿಲ್ಲ ಎಂಬುದು ಪೈ ಅವರ ವಾದ. ಕೈಗರಗಸವೂ ಒಂದು ಉಪಕರಣವೇ, ಲೇತ್ ಕೂಡ ಉಪಕರಣವೇ. ಕೇಳಬೇಕಾದ ಪ್ರಶ್ನೆ ಬೇರೆ: ಕೆಲಸ ನಡೆಯುತ್ತಿರುವಾಗ ಅದು ಕೆಡುವ ಸಂಭವ ಎಷ್ಟು? ಕೊನೆಯ ಗಳಿಗೆಯವರೆಗೂ ಫಲ ಮಾಡುವವನ ನಿಗಾ, ಅಂದಾಜು, ಕೈಚಳಕಗಳನ್ನೇ ನೆಚ್ಚಿಕೊಂಡಿದ್ದರೆ ಅದು ಕೈತಪ್ಪಬಹುದಾದ ಕೆಲಸ. ಏನು ಬರುತ್ತದೆಂಬುದು ಆರಂಭಕ್ಕೆ ಮುನ್ನವೇ ತೀರ್ಮಾನವಾಗಿದ್ದರೆ ಅದು ಖಾತರಿಯ ಕೆಲಸ. ಪೆನ್ನಿನಲ್ಲಿ ಬರೆಯುವುದು ಮೊದಲನೆಯದಕ್ಕೆ, ಮುದ್ರಣ ಎರಡನೆಯದಕ್ಕೆ ಅವರು ಕೊಟ್ಟ ಉದಾಹರಣೆಗಳು. ಬೆರಳಚ್ಚು ಯಂತ್ರ ಇವೆರಡರ ನಡುವೆ ನಿಲ್ಲುತ್ತದೆ. ಅದರಲ್ಲಿ ಒಂದೊಂದು ಅಕ್ಷರದ ಆಕಾರವೂ ಖಚಿತ, ಪುಟವನ್ನು ಹಾಳುಮಾಡುವ ದಾರಿಗಳು ಮಾತ್ರ ಹಲವು.

ಈ ಅಳತೆಗೋಲು ಹಿಡಿದು ನೋಡಿದರೆ ಮರಗೆಲಸದವರ ಎಷ್ಟೋ ಜಗಳಗಳು ತಿಳಿಯಾಗುತ್ತವೆ. ಪೆಟ್ಟಿಗೆಯ ಎರಡು ಹಲಗೆಗಳು ಮೂಲೆಯಲ್ಲಿ ಪಾರಿವಾಳದ ಬಾಲದಂಥ ಹಲ್ಲುಗಳಿಂದ ಕಚ್ಚಿಕೊಳ್ಳುವ ಡವ್‌ಟೇಲ್ ಜೋಡಣೆಯನ್ನು ಅಚ್ಚುಕಟ್ಟಿನ ಮಾದರಿಪಟ್ಟಿ ಇಟ್ಟು ರೌಟರ್ ಯಂತ್ರದಲ್ಲಿ ಕೊರೆಯಬಹುದು. ಗೆರೆ ಎಳೆದು ಗರಗಸ, ಉಳಿ ಹಿಡಿದೂ ಕತ್ತರಿಸಬಹುದು. ಬಲದಲ್ಲಿ ದೊಡ್ಡ ಅಂತರವಿಲ್ಲ. ಆದರೂ ಹವ್ಯಾಸಿಗಳು ಎರಡನೆಯದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಅಲ್ಲಿ ಪ್ರತಿ ಹಲ್ಲಿನಲ್ಲೂ ತಪ್ಪುವ ಅವಕಾಶವಿತ್ತು, ತಪ್ಪಲಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸವೂ ಈ ಲೆಕ್ಕದಲ್ಲಿ ಕೈತಪ್ಪಬಹುದಾದದ್ದೇ. ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಬಣ್ಣದ ಪಟ್ಟೆ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಕೈಯ ಒತ್ತಡವೇ. ಸಾಲಾಗಿ ಒಂದೇ ಬಗೆಯ ಬೊಂಬೆಗಳು ಬರುತ್ತವೆಂಬ ಕಾರಣಕ್ಕೆ ಅದನ್ನು ಯಂತ್ರದ ಮಾಲೆಂದು ಎಣಿಸುವುದು ತಪ್ಪು.

ಪೀಠೋಪಕರಣವನ್ನು ತೂಗುವಾಗ ಮೊದಲ ಪರೀಕ್ಷೆ ಕೀಲುಗಳದು. ಸಂದಿನಲ್ಲಿ ಬೆಳಕು ಕಾಣಬಾರದು. ಮರದ ಪುಡಿ, ಅಂಟು ಕಲಸಿ ಬಿರುಕು ತುಂಬಿದ್ದರೆ ಬೆರಳ ತುದಿಗೇ ಗೊತ್ತಾಗುತ್ತದೆ. ಸೆಳೆಖಾನೆ ಎಳೆದಾಗ ಒಂದೇ ಹದದಲ್ಲಿ ಬರಬೇಕು, ತಳ್ಳಿದಾಗ ಒಳಗಿನ ಗಾಳಿ ಸಣ್ಣಗೆ ಎದುರೊತ್ತಿದರೆ ಇನ್ನೂ ಲೇಸು. ಆದರೆ ನುರಿತವರು ಇದಕ್ಕಿಂತ ಗಂಭೀರವಾಗಿ ಎಣಿಸುವ ದೋಷವೊಂದಿದೆ. ಅದು ಪ್ರದರ್ಶನದ ದಿನ ಕಾಣದೆಯೂ ಇರಬಹುದು. ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಗಣನೆಗೆ ಬಾರದಷ್ಟು ಕಡಿಮೆ, ಅಗಲಕ್ಕೆ ಹೆಚ್ಚು. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಬಾಗಿಲು ಬಿಗಿದುಕೊಳ್ಳುವುದು ಇದರಿಂದಲೇ. ಅಗಲವಾದ ಮೇಜಿನ ಹಲಗೆಯನ್ನು ಅಡ್ಡಪಟ್ಟಿಗೆ ಅಂಟು ಹಾಕಿ ಕಟ್ಟಿಬಿಟ್ಟರೆ ಒಂದೆರಡು ಋತು ಕಳೆಯುವಷ್ಟರಲ್ಲಿ ಹಲಗೆ ಸೀಳುತ್ತದೆ ಅಥವಾ ಸೊಟ್ಟಗಾಗುತ್ತದೆ. ಬಲ್ಲ ತೀರ್ಪುಗಾರರು ಮೇಜಿನಡಿ ಬಗ್ಗಿ, ಹಲಗೆಗೆ ಸರಿದಾಡುವ ಅವಕಾಶವಿದೆಯೇ ಎಂದು ನೋಡುತ್ತಾರೆ. ಬಾಗಿಲಿನ ಚೌಕಟ್ಟಿನೊಳಗೆ ಹಲಗೆ ಅಂಟಿಲ್ಲದೆ ಬಿಡಿಯಾಗಿ ಕೂತಿದೆಯೇ ಎಂದು ಒತ್ತಿ ಪರೀಕ್ಷಿಸುತ್ತಾರೆ. ಅಂದವೆಲ್ಲ ಇದ್ದು ಇದೊಂದು ತಪ್ಪಿದ್ದರೆ ಆ ಕೆಲಸ ಕೆಟ್ಟದ್ದೇ.

ಮರದ ಮೈ ಹೇಗಿರಬೇಕು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಕನ್ನಡಿಯಂಥ ಹೊಳಪೇ ಕೊನೆಯ ಮಾತೆಂದು ನಂಬಿದ್ದವರ ಕಣ್ಣು ಬದಲಿಸಿದವರಲ್ಲಿ ಜೇಮ್ಸ್ ಕ್ರೆನೊವ್ (1920–2009) ಮುಖ್ಯರು. ಸೈಬೀರಿಯಾದಲ್ಲಿ ಹುಟ್ಟಿ, ಸ್ವೀಡನ್ನಿನಲ್ಲಿ ಕಸುಬು ಕಲಿತು, 1981ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರಾಗ್‌ನಲ್ಲಿ ಮರಗೆಲಸದ ಶಾಲೆ ಕಟ್ಟಿದವರು ಅವರು. 1976ರ ‘ಎ ಕ್ಯಾಬಿನೆಟ್‌ಮೇಕರ್ಸ್ ನೋಟ್‌ಬುಕ್’ ಅವರ ಮೊದಲ ಪುಸ್ತಕ. ತಾವೇ ಮಾಡಿಕೊಂಡ ಮರದ ಹತ್ತರಿಯಿಂದ ಹೆರೆದ ಮೈಯನ್ನು ಉಜ್ಜುಕಾಗದ ಮುಟ್ಟಿಸದೆ ಹಾಗೆಯೇ ಬಿಡುವುದು ಅವರ ರೀತಿ. ಹತ್ತರಿಯ ಅಲಗು ಮರದ ಎಳೆಗಳನ್ನು ಕತ್ತರಿಸುತ್ತದೆ, ಉಜ್ಜುಕಾಗದ ಅವನ್ನು ಸವೆಸುತ್ತದೆ. ಕತ್ತರಿಸಿದ ಮೈಯಲ್ಲಿ ಬೆಳಕು ಹೆಚ್ಚು ತಿಳಿಯಾಗಿ ಆಡುತ್ತದೆ. ಗೋಡೆಗೆ ತಾಗಿ ನಿಲ್ಲುವ ಬೀರುವಿನ ಬೆನ್ನನ್ನೂ ಅವರು ಮುಂಭಾಗದಷ್ಟೇ ಆಸ್ಥೆಯಿಂದ ಮಾಡುತ್ತಿದ್ದರು. ತಮ್ಮನ್ನು ಹವ್ಯಾಸಿ ಎಂದು ಕರೆದುಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ. ಉಪಕರಣದ ಸಣ್ಣ ಗುರುತು ದೋಷವಲ್ಲ, ಕೈಯ ಸಾಕ್ಷಿ ಎಂಬ ನಿಲುವು ಬಲಗೊಂಡದ್ದರಲ್ಲಿ ಅವರ ಪಾಲು ದೊಡ್ಡದು.

ಬಟ್ಟಲುಗಳ ಲೋಕದಲ್ಲೂ ಹೀಗೇ ಆಯಿತು. ಬಿದ್ದ ಮರಕ್ಕೆ ಶಿಲೀಂಧ್ರ ಹಿಡಿದಾಗ ಒಳಗೆ ಕಪ್ಪು ಗೆರೆಗಳ ಚಿತ್ತಾರ ಮೂಡುತ್ತದೆ. ಬಡಗಿಗಳು ಅಂಥ ಮರವನ್ನು ಸೌದೆಗೆ ಹಾಕುತ್ತಿದ್ದರು. ಅಮೆರಿಕದ ಮೆಲ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್ ಅದನ್ನೇ ಹುಡುಕಿ ತಂದು ಪಾತ್ರೆ ಕಡೆದರು. ಇಂದು ಅದು ಬೇಡಿಕೆಯ ಮರ. ಅಲ್ಲಿಯವರೇ ಆದ ಡೇವಿಡ್ ಎಲ್ಸ್‌ವರ್ತ್ ಸಣ್ಣ ಬಾಯಿಯ ಮೂಲಕ ಬಾಗಿದ ಉಳಿ ತೂರಿಸಿ, ಒಳಗು ಕಾಣದೆಯೇ ತೆಳುವಾದ ಟೊಳ್ಳು ಪಾತ್ರೆಗಳನ್ನು ಕಡೆದು ತೋರಿಸಿದರು. ಆಮೇಲೆ ತೆಳುವಾಗಿಸುವುದೇ ಹಲವರಿಗೆ ಪೈಪೋಟಿಯಾಯಿತು. ಆದರೆ ತೆಳುವಿಗಿಂತ ಸಮನಾದ ದಪ್ಪಕ್ಕೆ, ಒಳಮೈಯ ಬಾಗು ಹೊರಮೈಯ ಬಾಗನ್ನು ಎಲ್ಲೂ ಮುರಿಯದೆ ಹಿಂಬಾಲಿಸುವುದಕ್ಕೆ ಹೆಚ್ಚು ಬೆಲೆ ಸಲ್ಲಬೇಕು. ಕಣ್ಣು ಮುಚ್ಚಿ ಅಂಚಿನಿಂದ ತಳದವರೆಗೆ ಎರಡು ಬೆರಳು ಇಳಿಸಿದರೆ ದಪ್ಪ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ತಿಳಿಯುತ್ತದೆ.

ವಸ್ತುವನ್ನು ಯಾವ ವರ್ಗದಲ್ಲಿಟ್ಟು ನೋಡಬೇಕು ಎಂಬುದು ತೀರ್ಪಿಗಿಂತ ಮೊದಲಿನ ಪ್ರಶ್ನೆ, ಕೆಲವೊಮ್ಮೆ ತೀರ್ಪಿಗಿಂತ ಕಠಿಣವಾದದ್ದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಓಷನ್ ಸಿಟಿಯಲ್ಲಿ 1970ರ ದಶಕದ ಆರಂಭದಿಂದ ನಡೆದುಬಂದ ವಾರ್ಡ್ ಹಕ್ಕಿ ಕೆತ್ತನೆ ಸ್ಪರ್ಧೆ ಇದನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಬೇಟೆಗಾರರು ಕಾಡುಬಾತುಗಳನ್ನು ಸೆಳೆಯಲು ನೀರಿನ ಮೇಲೆ ತೇಲಿಬಿಡುತ್ತಿದ್ದ ಮರದ ಬಾತು ಈ ಕಲೆಯ ಮೂಲ. ಬೇಟೆಯ ಇಂಥ ಸೆಳೆಪ್ರಾಣಿಗೆ ಹಳೆಯ ಕನ್ನಡದಲ್ಲಿ ದೀಹ ಎಂಬ ಮಾತಿತ್ತು. ಬೇಟೆಯ ಬಾತುಗಳ ವರ್ಗಕ್ಕೆ ಬಂದದ್ದನ್ನು ತೊಟ್ಟಿಯ ನೀರಿಗೆ ಹಾಕಿ ನೋಡುತ್ತಾರೆ. ಮಗುಚಿ ಎಸೆದರೂ ಅದು ತಾನೇ ನೆಟ್ಟಗಾಗಬೇಕು, ಜೀವಂತ ಬಾತಿನಂತೆ ತೇಲಬೇಕು. ಗರಿಯ ಎಳೆಎಳೆಯನ್ನೂ ಸುಟ್ಟು ಮೂಡಿಸಿ ಬಣ್ಣ ತುಂಬಿದ ಅಲಂಕಾರದ ಹಕ್ಕಿಗೆ ಬೇರೆ ವರ್ಗ. ಗರಿಗಳ ಗೊಡವೆಗೇ ಹೋಗದೆ, ಬೋಳು ಮರದಲ್ಲಿ ಹಾರಾಟದ ಬೀಸನ್ನಷ್ಟೇ ಹಿಡಿಯುವ ಭಾವಪ್ರಧಾನ ಕೆತ್ತನೆಗೆ ಇನ್ನೊಂದು. ಒಂದರ ಸದ್ಗುಣ ಇನ್ನೊಂದರಲ್ಲಿ ದೋಷವಾಗಬಹುದು: ನವುರಾದ ಕೊಕ್ಕು ಅಲಂಕಾರದ ಹಕ್ಕಿಗೆ ಶೋಭೆ, ಚೀಲಕ್ಕೆ ತುಂಬಿ ಕೆರೆಗೆ ಒಯ್ಯುವ ಬಾತಿಗೆ ಮುರಿಯುವ ಜಾಗ.

ಇದಕ್ಕೆ ವಿರುದ್ಧವಾದ ತುದಿ ಜಪಾನಿನ ಕೆಜುರೋಕಾಯ್. 1990ರ ದಶಕದಲ್ಲಿ ಶುರುವಾದ ಈ ಕೂಟದಲ್ಲಿ ಬಡಗಿಗಳೂ ಹವ್ಯಾಸಿಗಳೂ ಸೇರಿ ಕೈಹತ್ತರಿ ಎಳೆದು, ಮರದ ಸಿಪ್ಪೆ ಎಷ್ಟು ತೆಳುವಾಗಿ ಬರುತ್ತದೆಂದು ಮೈಕ್ರೊಮೀಟರ್‌ನಲ್ಲಿ ಅಳೆಯುತ್ತಾರೆ. ಗೆಲ್ಲುವ ಸಿಪ್ಪೆ 10 ಮೈಕ್ರಾನ್‌ಗಿಂತ ತೆಳುವಾಗಿರುತ್ತದೆ. ಮನುಷ್ಯನ ತಲೆಗೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್. ಇಲ್ಲಿ ವಸ್ತುವೇ ಇಲ್ಲ, ಹರಿತ ಮಾಡುವ ವಿದ್ಯೆಯೊಂದನ್ನೇ ಬೇರ್ಪಡಿಸಿ ತೂಗಲಾಗುತ್ತದೆ.

ಎಲ್ಲ ಕಡೆಯೂ ಬಹುಮಾನವೇ ಗುರಿಯಲ್ಲ. ಅಮೆರಿಕದ ಮರ ಕಡೆಯುವವರ ಸಮಾವೇಶಗಳಲ್ಲಿ ಬಂದವರೆಲ್ಲ ತಮ್ಮ ಕೆಲಸ ತಂದಿಡುವ ತೆರೆದ ಮೇಜುಗಳಿರುತ್ತವೆ. ಅಲ್ಲಿ ಮೊದಲ ಬಟ್ಟಲು ಕಡೆದವರ ಪಕ್ಕದಲ್ಲೇ ಹೆಸರಾಂತರ ಪಾತ್ರೆಯೂ ಕೂರುತ್ತದೆ. ಸ್ಪರ್ಧೆಗಳಲ್ಲಾದರೆ ಹೊಸಬರು, ನಡುವಣವರು, ನುರಿತವರು ಎಂಬ ದರ್ಜೆಗಳನ್ನು ಮಾಡುವುದು ವಾಡಿಕೆ. ಈಚೆಗೆ ಕಂಪ್ಯೂಟರ್ ನಡೆಸುವ ಕೊರೆಯಂತ್ರ ಮತ್ತು ಲೇಸರ್‌ಗಳು ಹವ್ಯಾಸಿಗಳ ಮನೆಗೂ ಬಂದಿರುವುದರಿಂದ ಪೈ ಕೇಳಿದ ಪ್ರಶ್ನೆಯನ್ನು ಪ್ರವೇಶಪತ್ರದಲ್ಲೇ ಕೇಳುವ ಪ್ರದರ್ಶನಗಳಿವೆ. ಯಾವ ಭಾಗವನ್ನು ಯಂತ್ರ ಕೊರೆಯಿತು ಎಂಬುದನ್ನು ಮರದ ಹೆಸರು, ಮೆರುಗೆಣ್ಣೆಯ ಹೆಸರಿನ ಜೊತೆಗೆ ಬರೆದುಕೊಡಬೇಕು. ಕೆಲವೆಡೆ ಅಂಥ ಕೆಲಸಕ್ಕೆ ಬೇರೆಯೇ ವರ್ಗವಿದೆ.